ಬಳೆಯ ಸದ್ದಿಗೆ ಬೀಳುವ ಪತಂಗಗಳು

ಜೆ.ಪಿ. ನಗರದ ಆ ಮನೆಯ ಹಿಂದಿನ ಕೋಣೆಯಲ್ಲಿ ಇನ್ನೂ ಬೆಳಕು ಹರಿಯುವ ಮೊದಲೇ ಲೈಟು ಹತ್ತುತ್ತದೆ. ಮೂಗಿಗೆ ಸೆರಗು ಬಿಗಿದುಕೊಂಡ ಸೀತಮ್ಮ ಜೋಳದ ನುಚ್ಚು ತುಂಬಿದ ಟ್ರೇಗಳ ಮುಚ್ಚಳ ತೆಗೆದು, ರಾತ್ರಿ ಹೊರಬಂದ ಪತಂಗಗಳನ್ನು ಗಾಜಿನ ಕೊಳವೆಯಲ್ಲಿ ಹಿಡಿದು ಬಲೆಯ ಪೆಟ್ಟಿಗೆಗೆ ಬಿಡುತ್ತಾರೆ. ಅಕ್ಕಿ ಮೂಟೆಯಲ್ಲಿ ಕಂಡರೆ ನಾವೆಲ್ಲ ಹೊಡೆದು ಸಾಯಿಸುವ ಹುಳುವನ್ನು ಇವರು ಸಾಕುತ್ತಾರೆ. ರೆಕ್ಕೆಯ ಪುಡಿ ಮೂಗಿಗೆ ಹೋಗಿ ದಿನವಿಡೀ ಸೀನು.

ಸಾಕುವುದು ಓಡಿಸುವುದಕ್ಕಾಗಿಯೇ. ಬಾವಲಿ ಹೊರಡಿಸುವ, ನಮ್ಮ ಕಿವಿಗೆ ಬೀಳದ ಸದ್ದು ಪತಂಗಕ್ಕೆ ಕೇಳಿಸುತ್ತದೆ. ಬಾವಲಿ ಬಂತೆಂದು ಹೆದರಿ ಅದು ರೆಕ್ಕೆ ಮಡಚಿ ಬೀಳುತ್ತದೆ. ಅಂಥದೇ ಸದ್ದು ಮಾಡುವ ಯಂತ್ರವನ್ನು ಗೋದಾಮುಗಳಿಗೆ ಮಾರಲು ಹೊರಟ ಸಣ್ಣ ಕಂಪನಿಯಿದು. ಹುಳಿಮಾವಿನ ಸೀತಮ್ಮ ಇಲ್ಲಿಗೆ ಸೇರಿದ್ದು ೧೯೯೭ರಲ್ಲಿ. ಗಂಡ ತಿಪ್ಪಣ್ಣನಿಗೆ ಕಿಡ್ನಿ ಕೆಟ್ಟು, ಅವರ ಆಟೊ ಮನೆ ಮುಂದೆ ನಿಂತುಬಿಟ್ಟಿತ್ತು.

ಮೊದಮೊದಲು ಯಂತ್ರ ಅದ್ಭುತವಾಗಿ ಕೆಲಸ ಮಾಡಿತು. ಎಲ್ಲರೂ ಬೀಗುತ್ತಿದ್ದಾಗ ಒಂದು ದಿನ ಕರೆಂಟು ಹೋಯಿತು. ಯಂತ್ರ ನಿಂತಿದ್ದರೂ, ಸೀತಮ್ಮ ಪೆಟ್ಟಿಗೆ ಸರಿಸುತ್ತಲೇ ಪತಂಗಗಳು ಪಟಪಟನೆ ಉದುರಿದವು. ಎಂಜಿನಿಯರ್ ಕರಿಬಸವಯ್ಯನವರ ಕಣ್ಣು ಅವರ ಮುಂಗೈ ಮೇಲೆ ಬಿತ್ತು. ಗಾಜಿನ ಬಳೆಗಳು ಒಂದಕ್ಕೊಂದು ತಾಕಿದಾಗಲೂ ಆ ಕೇಳದ ಸದ್ದು ಹೊರಡುತ್ತದಂತೆ. ಅಲ್ಲಿಯವರೆಗಿನ ಪರೀಕ್ಷೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಮುಂಚೆಯೇ ಯೋಚಿಸಬೇಕಾದವರು ಯೋಚಿಸಿರಲಿಲ್ಲ, ಬೈಸಿಕೊಂಡವರು ಮಾತ್ರ ಸೀತಮ್ಮ. ಬಳೆ ತೆಗೆಯಿರಿ, ಇಲ್ಲವೇ ಕೆಲಸ ಬಿಡಿ ಎಂದರು ಕಂಪನಿಯ ಯಜಮಾನರು. ಅದೇ ಯಜಮಾನರ ಸೊಂಟದ ಕೀಗೊಂಚಲು ಇಂದಿಗೂ ನಿರಾತಂಕವಾಗಿ ಒಳಹೊರಗೆ ಓಡಾಡುತ್ತದೆ. ಅದೂ ಝಣಝಣ ಎನ್ನುತ್ತದೆ, ಹೇಳುವವರು ಯಾರು?

ಗಾಜಿನ ಬಳೆ ದಿನಾ ಕಳಚಿ ತೊಡುವಂಥದ್ದಲ್ಲ. ಸೀತಮ್ಮ ಸೋಪುನೀರಿನಲ್ಲಿ ಕೈ ನೆನೆಸಿ ಒಂದೇ ಸಲ ಎಲ್ಲವನ್ನೂ ತೆಗೆದು, ಅರಿಶಿನದ ದಾರ ಕಟ್ಟಿಕೊಂಡರು. ಗಂಡನಿರುವಾಗಲೇ ಬರಿಗೈ ಮಾಡಿಕೊಂಡಳೆಂದು ಸೀತಮ್ಮ ಬಡಿಸಿದ ಅನ್ನವನ್ನು ಅತ್ತೆ ಮುಟ್ಟಲಿಲ್ಲ. ಬಾಗಿನಕ್ಕೆ, ಸೀಮಂತಕ್ಕೆ ಕರೆಯುವವರೂ ಇಲ್ಲವಾದರು.

"ನಮ್ಮನೆಯೋರು ಒಂದು ಮಾತಾಡ್ಲಿಲ್ಲ ಸಾರ್. ದಾರ ಹಳೇದಾದ್ರೆ ಅವ್ರೇ ಹೊಸದು ಕಟ್ಟೋರು" ಎನ್ನುತ್ತಾರೆ ಸೀತಮ್ಮ.

೨೦೦೦ದಲ್ಲಿ ತಿಪ್ಪಣ್ಣ ತೀರಿಕೊಂಡರು. ಕೈ ಬರಿದು ಮಾಡಿಕೊಂಡಿದ್ದಕ್ಕೇ ಹೀಗಾಯಿತೆಂದು ಬೀದಿಯೆಲ್ಲ ಆಡಿಕೊಂಡಿತು.

"ಬಳೆ ಇಟ್ಕೊಂಡು ಕೆಲಸ ಬಿಟ್ಟಿದ್ರೆ ಆಸ್ಪತ್ರೆಗೆ ಏನ್ ಕಟ್ತಿದ್ದೆ? ಅದನ್ನ ಯಾರೂ ಕೇಳ್ಲಿಲ್ಲ."

ಕೆಲಸಕ್ಕೆ ಮರಳಿದ ದಿನ ಕರಿಬಸವಯ್ಯ, ಇನ್ನು ಬಳೆಯ ತಾಪತ್ರಯವಿಲ್ಲ ಬಿಡಿ ಎಂದರಂತೆ. ಕೆಟ್ಟ ಮನುಷ್ಯರಲ್ಲ, ಸಮಾಧಾನಕ್ಕೇ ಹೇಳಿದ್ದು ಎಂದು ಸೀತಮ್ಮ ಅವರ ಪರ ವಹಿಸುತ್ತಾರೆ. ನನಗೆ ಮಾತ್ರ ಮೈ ಉರಿಯಿತು. ಈಗ ಯಂತ್ರ ಮಾರಾಟಕ್ಕೆ ಬಂದಿದೆ, ಜಾಹೀರಾತಿನಲ್ಲಿ ಅದರ ಫೋಟೊ ಜೊತೆ ಕಂಪನಿಯವರೆಲ್ಲರ ಫೋಟೊ ಇದೆ, ಇವರದಿಲ್ಲ.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅವರು ಟ್ರೇ ಮುಚ್ಚಿ, ಬರಿದಾದ ಮುಂಗೈ ಸವರಿಕೊಳ್ಳುತ್ತಾರೆ.

"ನಮ್ಮನೆಯೋರು ಹೋದ ಹನ್ನೊಂದನೇ ದಿನ ಒಡೆಯೋಕೆ ಕೈಯಲ್ಲಿ ಬಳೆನೇ ಇರ್ಲಿಲ್ಲ. ಅದ್ಕೆ ಹೊಸಾ ಹಸಿರು ಬಳೆ ತಂದು ಕೈತುಂಬ ತೊಡಿಸಿದ್ರು. ಎಷ್ಟು ವರ್ಷ ಆಗಿತ್ತು ಸಾರ್, ಹಂಗೆ ನೋಡ್ಕೊಂಡು. ಇನ್ನೊಂದು ಗಳಿಗೆ ಇರ್ಲಿ ಅಂತ ಕೈ ಎಳ್ಕೊಂಡೆ, ಬಿಡ್ಲಿಲ್ಲ."