ರಾಲ್ಫ್‌ನ ಪಿಸ್ತೂಲಿಗೆ ಕುಂಕುಮ

ದೇವೇಂದ್ರಪ್ಪ ಪಿಸ್ತೂಲು ಹಿಡಿಯುತ್ತಾನೆ ಎಂದು ನನ್ನ ಗಂಡ ಹೇಳಿದಾಗ ನಾನು ನಂಬಲೇ ಇಲ್ಲ. ಜಿರಳೆ ಕಂಡರೆ ಕಾಲು ಮೇಲೆತ್ತಿಕೊಂಡು ಕೂರುವ ಪ್ರಾಣಿ ಅದು! ಅಮೆರಿಕದ ಮಿಲ್ಪಿಟಾಸ್‌ನಲ್ಲಿ ನನ್ನ ಗಂಡನ ಕಂಪನಿಯಲ್ಲೇ ಸರ್ಕ್ಯೂಟ್ ಬೋರ್ಡು ಪರೀಕ್ಷಿಸುವ ಕೆಲಸ ಅವನಿಗೆ. ಡಾಟ್‌ಕಾಮ್ ಭರಾಟೆಯಲ್ಲಿ ಅಲ್ಲೆಲ್ಲೂ ಮನೆ ಸಿಗದೆ, ದೂರದ ಗಿಲ್‌ರಾಯ್‌ನಲ್ಲಿ ರಾಲ್ಫ್ ಎಂಬ ಒಂಟಿ ಮುದುಕನ ಮನೆಯ ಹಿಂದಿನ ಕೋಣೆ ಹಿಡಿದಿದ್ದ. ನಲವತ್ತಾದರೂ ಮದುವೆಯಿಲ್ಲ, ಮಾತೂ ಅಷ್ಟಕ್ಕಷ್ಟೆ.

ರಾಲ್ಫ್‌ಗೆ ತಾತನ ಕಾಲದ ಜೇಬು ಪಿಸ್ತೂಲೊಂದಿತ್ತು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ನಳಿಗೆಯ ಬಾಯಿಂದ ಮದ್ದು ತುಂಬಿ ಗುಂಡು ತುರುಕಿದರೆ ಒಂದು ಸಲ ಹೊಡೆಯಬಹುದು, ಆಮೇಲೆ ಮತ್ತೆ ತುಂಬಬೇಕು. ಶನಿವಾರ ಇಬ್ಬರೂ ಗುಡ್ಡದ ಮೇಲಿನ ಕ್ಲಬ್ಬಿಗೆ ಹೋಗಿ ಕಾಗದದ ಗುರಿಗೆ ಹೊಡೆಯುತ್ತಿದ್ದರು. ವಾರವಿಡೀ ದೇವೇಂದ್ರಪ್ಪ ಬದುಕುತ್ತಿದ್ದದ್ದೇ ಆ ಶನಿವಾರಕ್ಕಾಗಿ.

ಎರಡು ಸಾವಿರದ ಇಸವಿಯ ಬೇಸಿಗೆಯಲ್ಲಿ ರಾಲ್ಫ್ ತೀರಿಕೊಂಡ. ಅಪ್ಪನ ಆಸೆ ಎಂದು ಮಗಳು ಪಿಸ್ತೂಲನ್ನು ದೇವೇಂದ್ರಪ್ಪನಿಗೆ ಕೊಟ್ಟಳು. ಆದರೆ ಕ್ಲಬ್ಬಿಗೆ ಅವನು ರಾಲ್ಫ್‌ನ ಅತಿಥಿಯಾಗಿ ಹೋಗುತ್ತಿದ್ದವನು, ಒಬ್ಬನೇ ಹೋಗುವಂತಿರಲಿಲ್ಲ. ಶನಿವಾರಗಳಲ್ಲಿ ಕೋಣೆಯಲ್ಲೇ ಕೂತು ಅದನ್ನು ಒರೆಸುತ್ತಿದ್ದನಂತೆ.

ಅಕ್ಟೋಬರಿನಲ್ಲಿ ಕ್ಲಬ್ಬಿನ ಹಿರಿಯರು ಅವನಿಗೆ ಕರೆ ಮಾಡಿದರು. ಬರುವ ಶನಿವಾರ ರಾಲ್ಫ್‌ನ ನೆನಪಿಗೆ ಎಲ್ಲರೂ ಅವನ ಪಿಸ್ತೂಲಿನಿಂದಲೇ ಒಂದೊಂದು ಗುಂಡು ಹೊಡೆಯುವುದು, ಮೊದಲನೆಯದು ದೇವೇಂದ್ರಪ್ಪನದು. ರಾಲ್ಫ್‌ನ ಜಾಗಕ್ಕೆ ಅವನನ್ನು ಸೇರಿಸಿಕೊಳ್ಳುವ ಮಾತನ್ನೂ ಅಂದೇ ಆಡೋಣ ಎಂದಿದ್ದರು.

"ಅಕ್ಕಾ, ಇಷ್ಟು ವರ್ಷಕ್ಕೆ ಈ ಊರಲ್ಲಿ ನಂಗೂ ಒಂದು ಜಾಗ ಅಂತ ಆಗುತ್ತೆ" ಎಂದ ದೇವೇಂದ್ರಪ್ಪ. ಅವನು ಅಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ಶನಿವಾರವೇ ಆಯುಧಪೂಜೆ ಬಂತು. ನಾನು ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡುತ್ತಿದ್ದಾಗ ಅವನ ಫೋನು.

"ಅಕ್ಕಾ, ಪಿಸ್ತೂಲಿಗೆ ಪೂಜೆ ಮಾಡ್ಬಿಟ್ಟೆ."

"ಒಳ್ಳೇದೇ ಆಯ್ತಲ್ಲ."

"ಇವತ್ತು ಇನ್ನು ಹೆಂಗೆ ಹೊಡೀಲಿ?"

ಅವನಪ್ಪ ಅರಸೀಕೆರೆಯಲ್ಲಿ ಟೈಲರು. ಕತ್ತರಿಗೆ ಕುಂಕುಮವಿಟ್ಟರೆ ಮಾರನೇ ದಿನದವರೆಗೆ ಒಂದು ದಾರ ಕತ್ತರಿಸಲೂ ಅದನ್ನು ಮುಟ್ಟುತ್ತಿರಲಿಲ್ಲವಂತೆ.

"ನಿನ್ ತಲೆ! ಬಂದ್ಮೇಲೆ ಪೂಜೆ ಮಾಡಕ್ಕೆ ಏನಾಗಿತ್ತೋ? ನಾವು ಕಾರಿಗೆ ಪೂಜೆ ಮಾಡಿ ಓಡ್ಸಲ್ವಾ?"

"ಅಭ್ಯಾಸ ಅಕ್ಕಾ. ಎದ್ದೆ, ಸ್ನಾನ ಮಾಡ್ದೆ, ಕುಂಕುಮ ಇಟ್ಟೆ. ಆಮೇಲೆ ನೆನಪಾಯ್ತು. ಈಗ ಮುಟ್ಟಿದ್ರೆ ಅಪ್ಪ ಎದುರಿಗೆ ಬಂದು ನಿಂತಂಗಾಗುತ್ತೆ."

ಇವನನ್ನು ಒಬ್ಬನೇ ಬಿಟ್ಟರೆ ಕೆಲಸ ಕೆಟ್ಟಿತು ಎಂದು ನಾನೇ ಗಿಲ್‌ರಾಯ್‌ಗೆ ಹೋಗಿ ಅವನನ್ನು ಕಾರಿನಲ್ಲಿ ಕೂರಿಸಿಕೊಂಡೆ. ದಾರಿಯುದ್ದಕ್ಕೂ ಬುದ್ಧಿ ಹೇಳಿದೆ. ಅವನು ಪಿಸ್ತೂಲಿನ ಡಬ್ಬಿಯನ್ನು ತೊಡೆಯ ಮೇಲೆ ಅಲುಗದಂತೆ ಹಿಡಿದು ಕೂತಿದ್ದ.

ಗುಡ್ಡದ ಮೇಲೆ ಬಿಳಿಗೂದಲಿನ ಮುದುಕರು ಟೋಪಿ ತೆಗೆದು ನಿಂತಿದ್ದರು. ದೇವೇಂದ್ರಪ್ಪ ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಮುಚ್ಚಳ ತೆಗೆದ; ಪಿಸ್ತೂಲಿನ ಮೇಲೆ ಕುಂಕುಮ, ಸೇವಂತಿಗೆ ಎಲ್ಲ ಹಾಗೇ ಇದ್ದವು. ಒಬ್ಬ ಮುದುಕ ಒಳ್ಳೆಯ ಮನಸ್ಸಿನಿಂದಲೇ ಬಟ್ಟೆ ತಗೊಂಡು ಕುಂಕುಮ ಒರೆಸಲು ಹೋದ. ದೇವೇಂದ್ರಪ್ಪ ಅಡ್ಡ ಕೈಯಿಟ್ಟ. ಇವತ್ತು ಇದಕ್ಕೆ ವಿಶ್ರಾಂತಿ, ನಾಳೆ ಹೊಡೆಯೋಣವೇ ಎಂದು ಇಂಗ್ಲಿಷಿನಲ್ಲಿ ತಡವರಿಸಿದ.

ಅವರು ಮುಖ ಮುಖ ನೋಡಿಕೊಂಡರು. "ಶೂರ್, ನೋ ಪ್ರಾಬ್ಲಂ" ಎಂದು ಒಬ್ಬ ನಕ್ಕ. ನಾನು ಹಬ್ಬದ ಕಥೆಯನ್ನೆಲ್ಲ ಬಿಡಿಸಿ ಹೇಳಿದೆ. ಎಲ್ಲದಕ್ಕೂ ತಲೆಯಾಡಿಸಿದರು. ಆಮೇಲೆ ತಮ್ಮ ತಮ್ಮ ಬಂದೂಕುಗಳಿಂದ ಹೊಡೆದು, ಅವನ ಕೈ ಕುಲುಕಿ, "ಟೇಕ್ ಕೇರ್" ಎಂದು ಹೊರಟರು. ನಾಳೆಯ ಮಾತನ್ನೂ ರಾಲ್ಫ್‌ನ ಜಾಗದ ಮಾತನ್ನೂ ಯಾರೂ ಎತ್ತಲಿಲ್ಲ.

ವಾಪಸು ಬರುವಾಗ ನಾನು, "ಹೋಗ್ಲಿ ಬಿಡೋ, ಒಳ್ಳೇ ಜನ. ಒಂದು ಮಾತು ಬೈಲಿಲ್ಲ" ಎಂದೆ.

ಅವನು ಕಿಟಕಿಯ ಕಡೆ ತಿರುಗಿಕೊಂಡೇ ಹೇಳಿದ: "ನಮ್ಮೋನು ಅಂದ್ಕೊಂಡಿದ್ರೆ ಬೈತಿದ್ರು ಅಕ್ಕಾ."