ಆಂಡರ್ಸನ್‌ಪೇಟೆಯ ಬೈಂಡಿಂಗಿನವರು

ಅರವತ್ತರ ದಶಕದ ಒಂದು ಜೂನ್, ಶಾಲೆ ತೆರೆದ ದಿನ, ಬೆಳಿಗ್ಗೆ ಎಂಟು ಗಂಟೆ. ಪುಸ್ತಕ ಬೈಂಡ್ ಮಾಡುವ ಅಂಗಡಿಯಲ್ಲಿ ಬೈಂಡಿಂಗಿನವರು, ಕೂಲಿ ಮಾಡುವ ಒಬ್ಬ ತಾಯಿ, ಅವಳ ಕಿರಿಯ ಮಗಳು ಮತ್ತು ಶಾಲೆಯ ಮೇಷ್ಟರಾದ ನಾನು ಇದ್ದೆವು.

ಅಕ್ಕನ ಪುಸ್ತಕ ತಂಗಿಗೆ ದಾಟುವಾಗಲೆಲ್ಲ ಬೈಂಡಿಂಗಿನವರು ಅದರ ಬೆನ್ನು ಹೊಲಿದು, ಮೈದಾ ಅಂಟನ್ನು ಹೆಬ್ಬೆರಳಿನಿಂದ ಒತ್ತಿ, "ಇನ್ನೊಬ್ಳು ಓದ್ಬೋದು ಕಣಮ್ಮ" ಎನ್ನುತ್ತಿದ್ದರು. ಅಂದೂ ಈ ಹುಡುಗಿಯ ಅಕ್ಕನ ಪುಸ್ತಕ ಹೊಲಿಯುತ್ತಾ ಹಾಗೆಯೇ ಅಂದರು.

"ಈ ವರ್ಷ ಪಠ್ಯಕ್ರಮ ಬದಲಾಗಿದೆ. ಎಲ್ಲವೂ ಹೊಸ ಪುಸ್ತಕ," ಎಂದೆ.

"ಅಂಗಾದ್ರೆ ಇವ್ಳು ನನ್ಜೊತೆ ಕೂಲಿಗೆ ಬತ್ತಾಳೆ ಬುಡಿ ಸಾಮಿ. ಒಸ ಪುಸ್ತಕ ನಮ್ಗೆಲ್ಲಿಂದ?" ಎಂದಳು ತಾಯಿ.

"ಒಂದೆಲ್ಡು ಪಾಠನಾದ್ರೂ ಅವೇ ಉಳ್ಕಂಡಿಲ್ವಾ ಮೇಷ್ಟ್ರೇ?" ಎಂದು ಬೈಂಡಿಂಗಿನವರು ಕೇಳಿದರು.

ಇಲ್ಲವೆಂದೆ. ಅವರು ಉಳಿದ ಹೊಲಿಗೆ ಮುಗಿಸಿ, ಅಂಚು ಕತ್ತರಿಸಿ, ಪುಸ್ತಕವನ್ನು ಹುಡುಗಿಯ ಕೈಗಿಟ್ಟರು.

ಸಂಜೆ ನಾನು ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದು, ಬೀರುವಿಗೆ ಬೀಗ ಹಾಕಿದೆ.