ಅಮರಮ್ಮನ ಹಿಂದಿ

ಮೊನ್ನೆ ನಮ್ಮ ಮನೆಯ ಟಿವಿಯ ಧ್ವನಿ ಹೋಯಿತು. ಚಿತ್ರ ಬರುತ್ತಿತ್ತು, ಮಾತಿಲ್ಲ. ಸೊಸೆ ಅದರ ಬೆನ್ನಿಗೆ ಎರಡು ಏಟು ಕೊಟ್ಟಳು, ವೈರು ಕಿತ್ತು ಮತ್ತೆ ಚುಚ್ಚಿದಳು, ಕೊನೆಗೆ ಸಿಂಧನೂರಿನ ರಿಪೇರಿಯವನಿಗೆ ಫೋನು ಮಾಡಿದಳು. ಅವನು ಈಗ ಬಂದೆ, ಆಗ ಬಂದೆ ಎನ್ನುತ್ತಲೇ ಇದ್ದ. "ಸಿಟ್ಟಾದ ಗಂಡನ ಮುಂದ ಕುಂತಂಗ ಆಗೇತಿ ನೋಡ್ರಿ ಅತ್ತಿ" ಎಂದು ಗೊಣಗಿ ಅವಳು ರೊಟ್ಟಿ ಬಡಿಯಲು ಹೋದಳು.

ನಾನು ಕುಳಿತೇ ಇದ್ದೆ. ಕ್ರಿಕೆಟ್ ನಡೆದಿತ್ತು. ಒಬ್ಬ ದೂರದಿಂದ ಓಡಿ ಬಂದು ಚೆಂಡು ಎಸೆದ. ಇನ್ನೊಬ್ಬ ಅದನ್ನು ಮುಟ್ಟದೆ ಬಿಟ್ಟ. ಮೂರನೆಯವನು ಹಿಡಿದು, ಪ್ಯಾಂಟಿಗೆ ಒರೆಸಿ, ಎಸೆದವನಿಗೇ ವಾಪಸು ಕೊಟ್ಟ. ಇಷ್ಟಕ್ಕೆ ಜನ ಎದ್ದು ಕುಣಿಯುತ್ತಿದ್ದರು, ಸದ್ದಿಲ್ಲದೆ. ಆಗ ಅಮರಮ್ಮ ನೆನಪಾದಳು. ನೆನಪಾದ ಕೂಡಲೇ ಹೊಟ್ಟೆಯಲ್ಲಿ ಉರಿ ಎದ್ದಿತು. ಈ ವಯಸ್ಸಿಗೆ ನನ್ನ ಹಲ್ಲು ಹೋಗಿವೆ, ಮೊಣಕಾಲು ಹೋಗಿವೆ. ಹೊಟ್ಟೆಕಿಚ್ಚು ಮಾತ್ರ ಗಟ್ಟಿಯಾಗಿದೆ. ನೀವು ಏನಾದರೂ ಅಂದುಕೊಳ್ಳಿ.

ಟಿವಿ ಬರುವ ಮುಂಚೆ ನಮ್ಮ ಸಾಲಗುಂದಕ್ಕೆ ನಾನೇ ಟಿವಿಯಾಗಿದ್ದೆ. ನಾನು ಹುಟ್ಟಿದ್ದು ಗುರುಗುಂಟಾದಲ್ಲಿ, ಕುರಿಗಳ ನಡುವೆ. ಅಪ್ಪ ಅಪರೂಪಕ್ಕೊಮ್ಮೆ ಲಿಂಗಸುಗೂರಿಗೆ ಕರೆದುಕೊಂಡು ಹೋಗಿ ಪಿಕ್ಚರ್ ತೋರಿಸುತ್ತಿದ್ದ. ಮತ್ತೆ ಯಾವಾಗ ಸಿಗುತ್ತದೋ ಎಂದು ಕಣ್ಣು ಮುಚ್ಚದೆ ನೋಡುತ್ತಿದ್ದೆ, ಆದ್ದರಿಂದ ಮರೆಯುತ್ತಿರಲಿಲ್ಲ. ಮದುವೆಯಾಗಿ ಸಾಲಗುಂದಕ್ಕೆ ಬಂದ ಮೇಲೆ ಸಿಂಧನೂರಿನ ಟಾಕೀಸು ಹತ್ತಿರವಾಯಿತು. ಸಂತೆಯ ದಿನ ಕಾಯಿಪಲ್ಯದ ಚೀಲ ತೊಡೆಯ ಮೇಲೆ ಇಟ್ಟುಕೊಂಡು ನೆಲಕ್ಕೆ ಕುಳಿತು ನೋಡಿ ಬರುತ್ತಿದ್ದೆ. ಮರುದಿನ ಗದ್ದೆಯಲ್ಲಿ ನನ್ನ ಆಟ ಶುರು.

ಭತ್ತದ ಸಸಿ ಹಚ್ಚುವುದನ್ನು ನೀವು ನೋಡಿದ್ದೀರೋ ಇಲ್ಲವೋ. ಕೆಸರಿನಲ್ಲಿ ಹೆಂಗಸರು ಸಾಲಾಗಿ ಬಗ್ಗಿ ನಿಂತು, ಹಿಂದಕ್ಕೆ ಸರಿಯುತ್ತ ನೆಡುತ್ತಾರೆ. ಕಥೆ ಹೇಳುವವಳು ಸಾಲಿನ ನಟ್ಟನಡುವೆ ನಿಲ್ಲಬೇಕು, ಎರಡೂ ತುದಿಗೆ ಕೇಳಲಿ ಎಂದು. ಮಾತಿನಲ್ಲಿ ಅವಳ ಕೈ ನಿಧಾನವಾದರೆ ಅಕ್ಕಪಕ್ಕದವರು ಅವಳ ಪಾಲನ್ನೂ ನೆಟ್ಟುಬಿಡುತ್ತಾರೆ. ಆ ನಡುವಿನ ಜಾಗ ನನ್ನದು. ಮೇಸ್ತ್ರಿಗೂ ಗೊತ್ತಿತ್ತು, ಕಥೆ ಇದ್ದ ದಿನ ಹೆಂಗಸರು ನೀರು ಕುಡಿಯಲು ಸಹ ಏಳುತ್ತಿರಲಿಲ್ಲ.

ನಾನು ಕಂಡದ್ದನ್ನು ಕಂಡ ಹಾಗೆ ಹೇಳುತ್ತಿದ್ದೆ. ನಡುನಡುವೆ ನನ್ನ ಅಭಿಪ್ರಾಯ, ಅದು ಬೇರೆ. ನಾಯಕಿ ಒಂದೇ ಹಾಡಿನಲ್ಲಿ ಮೂರು ಸೀರೆ ಉಟ್ಟಳು, ಅವನ್ನು ಒಗೆಯುವವರು ಯಾರು? ಗುಂಡು ತಗುಲಿದ ಮೇಲೆ ನಾಯಕ ಇಷ್ಟುದ್ದ ಭಾಷಣ ಮಾಡಿದ. ನಮ್ಮ ಮಾವ ಸಾಯುವಾಗ "ನೀರು" ಅಂದರು, ಅಷ್ಟೇ. ಹೆಂಗಸರು ನಗುತ್ತಿದ್ದರು. ಆದರೆ ಕಥೆಗೆ ನಾನು ಒಂದು ಕಡ್ಡಿಯನ್ನೂ ಸೇರಿಸಿದವಳಲ್ಲ.

ಅಮರಮ್ಮ ಗಿರಣಿಯವನ ಹೆಂಡತಿ. ಹಿಟ್ಟಿನ ಗಿರಣಿ ಹಾಕಲು ಗಂಡ ಹೆಂಡತಿ ಲಿಂಗಸುಗೂರಿನಿಂದ ನಮ್ಮೂರಿಗೆ ಬಂದಿದ್ದರು. ತೆಳ್ಳನೆಯ ಹೆಂಗಸು, ಬಾಯಲ್ಲಿ ಸದಾ ಎಲೆ ಅಡಿಕೆ. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅವರ ಮನೆಗೆ ಟಿವಿ ಬಂತು. ಬೇವಿನ ಮರಕ್ಕಿಂತ ಎತ್ತರದ ಕಂಬ ನಿಲ್ಲಿಸಿ, ತುದಿಗೆ ಆಂಟೆನಾ ಕಟ್ಟಿದರು. ಊರಿಗೆ ಊರೇ ಓಡಿತು. ನಾನೂ ಹೋದೆ. ಎಲ್ಲ ಹಿಂದಿ! ಒಬ್ಬರಿಗೂ ಒಂದಕ್ಷರ ತಿಳಿಯಲಿಲ್ಲ. ನನಗಾದ ಸಂತೋಷ ಅಷ್ಟಿಷ್ಟಲ್ಲ. ಎರಡು ಭಾನುವಾರ ಕಳೆದರೆ ಎಲ್ಲರೂ ನನ್ನ ಕಡೆಗೇ ಬರುತ್ತಾರೆ ಎಂದುಕೊಂಡೆ.

ಆಗ ಅಮರಮ್ಮ ಬಾಯಿ ತೆರೆದಳು. ಲಿಂಗಸುಗೂರಿನಲ್ಲಿ ಅವಳು ಬೆಳೆದದ್ದು ಮುಸಲ್ಮಾನರ ಓಣಿಯಲ್ಲಂತೆ, ಉರ್ದು ನೀರು ಕುಡಿದಷ್ಟು ಸಲೀಸಂತೆ. ಟಿವಿಯ ಪಕ್ಕದಲ್ಲಿ ಗೋಡೆಗೆ ಒರಗಿ, ಒಂದು ಕಣ್ಣು ಅದರ ಮೇಲೆ, ಒಂದು ಕಣ್ಣು ನಮ್ಮ ಮೇಲೆ ಇಟ್ಟು ಹೇಳುತ್ತ ಹೋದಳು. ತೆರೆಯಲ್ಲಿ ಎರಡು ಮಾತಾದರೆ ಅವಳ ಬಾಯಲ್ಲಿ ಇಪ್ಪತ್ತು. ಉರ್ದು ಇಷ್ಟು ಗಿಡ್ಡ ಭಾಷೆಯೇ ಎಂದು ನನಗೆ ಅಂದೇ ಅನುಮಾನ ಬಂತು.

ಪಿಕ್ಚರ್ ಹೋಗಲಿ, ಅವಳು ಕ್ರಿಕೆಟ್ಟನ್ನೂ ಬಿಡಲಿಲ್ಲ. ನನ್ನನ್ನು ಕೇಳಿದರೆ ಅದು ಕೆಲಸವಿಲ್ಲದವರ ಕೆಲಸ. ಅಷ್ಟು ಜನ ಗಂಡಸರು ಬಿಸಿಲಿನಲ್ಲಿ ಸೊಂಟಕ್ಕೆ ಕೈಕೊಟ್ಟು ನಿಲ್ಲುವುದು. ಗದ್ದೆಯಲ್ಲಿ ಹಾಗೆ ನಿಂತರೆ ಮೇಸ್ತ್ರಿ ಕೂಲಿ ಕೊಡುವುದಿಲ್ಲ. ಟೆನಿಸ್ ವಾಸಿ. ಆ ಹುಡುಗಿಯರು ಹೊಡೆಯುವಾಗ ಹೂಂಕರಿಸುತ್ತಾರೆ, ನಾವು ಸಜ್ಜೆ ಕುಟ್ಟುವಾಗ ಹೂಂಕರಿಸುತ್ತಿದ್ದ ಹಾಗೆ. ಅದರಲ್ಲಿ ಮೈಮುರಿಯುವ ದುಡಿಮೆಯಾದರೂ ಕಾಣುತ್ತದೆ. ಹೆಂಗಸರೂ ಕ್ರಿಕೆಟ್ ಬಂದರೆ ಎದ್ದು ಹೋಗುತ್ತಿದ್ದರು. ಒಂದು ದಿನ ನನ್ನ ಪಕ್ಕದ ಮನೆಯ ದುರುಗಮ್ಮ ಏಳುವ ಮುಂಚೆ ಅಮರಮ್ಮನನ್ನು ಒಂದು ಮಾತು ಕೇಳಿದಳು:

"ಆ ಬಿಳೀ ಕೋಟಿನಾಂವ ಯಾರಬೇ, ಡಾಕ್ಟರನಾ?"

"ಡಾಕ್ಟರ್ ಅಲ್ಲ, ಊರ ಗೌಡ. ಜಗಳ ಬಗಿಹರಸಾಕ ನಿಂತಾನ. ಅಕಾ, ಆ ಓಡಿ ಬರಾಂವ ಅದಾನಲ್ಲ, ಆಂವ ಬ್ಯಾಟು ಹಿಡದಾಂವಗ ಷಡ್ಡಕ. ಮಗಳ ಲಗ್ನಕ್ಕ ಕರೀಲಿಲ್ಲಂತ ಸಿಟ್ಟು ಅವಗ. ಅದಕ್ಕ ಚೆಂಡು ಎದಿಗೇ ಒಗ್ಯಾಕತ್ಯಾನ."

"ಅಯ್ಯ, ಯಾಕ ಕರೀಲಿಲ್ಲಂತ?"

"ಕುಂದರು, ಹೇಳ್ತೀನಿ."

ದುರುಗಮ್ಮ ಕುಳಿತಳು. ಎಲ್ಲರೂ ಕುಳಿತರು. ಬ್ಯಾಟಿನವನು ಚೆಂಡನ್ನು ದೂರ ಹೊಡೆದಾಗ "ಕೊಡು, ಕೊಡು, ಇನ್ನೊಂದು ಕೊಡು ಆ ಷಡ್ಡಕಗ" ಎಂದು ಮುದುಕಿಯರು ಕೂಗಿದರು. ಇದು ಅಲ್ಲಿಗೇ ನಿಂತಿದ್ದರೆ ಸಹಿಸುತ್ತಿದ್ದೆ. ರಾತ್ರಿ ಊಟಕ್ಕೆ ಕುಳಿತ ನನ್ನ ಗಂಡ ರೊಟ್ಟಿ ಮುರಿಯುತ್ತ, "ಷಡ್ಡಕಂದು ಏನೂ ನಡೀಲಿಲ್ಲ ನೋಡು ಇವತ್ತ" ಎಂದ. ಮದುವೆಯಾದಂದಿನಿಂದ ನನ್ನ ಒಂದು ಪಿಕ್ಚರಿನ ಕಥೆಯನ್ನೂ ಕೇಳದ ಗಂಡ! ಪಲ್ಯದ ಪಾತ್ರೆ ಅವನ ಮುಂದಿನಿಂದ ಎತ್ತಿಕೊಂಡು ಒಳಗೆ ಇಟ್ಟೆ.

ಮುಂದಿನ ನಾಟಿಯ ಹೊತ್ತಿಗೆ ಸಾಲಿನ ನಡುವೆ ದುರುಗಮ್ಮ ನಿಂತಳು, ಅಮರಮ್ಮ ಹೇಳಿದ್ದನ್ನು ಒಪ್ಪಿಸಲಿಕ್ಕೆ. ಅರ್ಧ ಮರೆತು ಅರ್ಧ ಹೇಳುತ್ತಿದ್ದಳು, ಆದರೂ ಕೇಳುತ್ತಿದ್ದರು. ಅಮರಮ್ಮ ಕೆಸರಿಗೆ ಕಾಲಿಟ್ಟವಳಲ್ಲ. ಮನೆಯಲ್ಲಿ ಕುಳಿತೇ ನನ್ನನ್ನು ಸಾಲಿನ ತುದಿಗೆ ತಳ್ಳಿದಳು. ನನ್ನ ಪಾಲಿನ ಸಸಿಯನ್ನು ಈಗ ನಾನೇ ನೆಡಬೇಕಾಯಿತು.

ಆ ತುದಿಯಲ್ಲಿ ನನ್ನ ಪಕ್ಕಕ್ಕೆ ಇದ್ದವಳು ಮಾಲತಿ. ಆರ್.ಎಚ್. ಕ್ಯಾಂಪಿನವಳು, ಸರ್ಕಾರ ಅಲ್ಲಿ ತಂದು ನೆಲೆ ನಿಲ್ಲಿಸಿದ ಬಂಗಾಲಿ ಜನ ಅವರು. ನಾಟಿಯಲ್ಲಿ ಅವಳ ಕೈಗೆ ಸಮ ಯಾರೂ ಇರಲಿಲ್ಲ, ಕನ್ನಡ ಮಾತ್ರ ನಾಲ್ಕು ಮಾತು ಬರುತ್ತಿತ್ತು. ನಾನು ಅವಳಿಗೇ ಪಿಕ್ಚರ್ ಹೇಳಿದೆ. ಅವಳು ತಲೆ ಆಡಿಸುತ್ತಿದ್ದಳು. ಮಾತು ತಿಳಿಯದವಳು ತಲೆ ಆಡಿಸಿದರೆ ಎತ್ತು ಆಡಿಸಿದ ಹಾಗೆ, ಅದರಲ್ಲಿ ಸುಖವಿಲ್ಲ. ಆದರೂ ಹೇಳಿದೆ.

ಒಂದು ಭಾನುವಾರ ಕೂಲಿ ತೆಗೆದುಕೊಳ್ಳಲು ಮಾಲತಿ ನಮ್ಮೂರಿಗೆ ಬಂದಿದ್ದಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ನೆರಳಿಗೆ ಕುಳಿತಿರಲಿ ಎಂದು ಅಮರಮ್ಮನ ಮನೆಗೆ ಕರೆದುಕೊಂಡು ಹೋದೆ. ಮಧ್ಯಾಹ್ನದ ಪಿಕ್ಚರ್ ಶುರುವಾಗಿತ್ತು. ಒಬ್ಬ ಮುದುಕಿ, ಒಂದು ಆಕಳು, ಒಂದು ಗುಡಿಸಲು, ಮಳೆ. ಅಮರಮ್ಮ ಹೇಳುತ್ತಿದ್ದಳು: ಈ ಮುದುಕಿ ಖರೇ ಮುದುಕಿ ಅಲ್ಲ, ದೊಡ್ಡ ಮನೆತನದ ಸೊಸೆ. ಕೊಟ್ಟಿಗೆಯ ನೆಲದಲ್ಲಿ ಮೈದುನರಿಗೆ ತಿಳಿಯದ ಹಾಗೆ ಬಂಗಾರ ಹುಗಿದಿದ್ದಾಳೆ. ಆಕಳಿಗೆ ಅದು ಗೊತ್ತು, ಬೇರೆ ಯಾರು ಬಂದರೂ ಹಾಯುತ್ತದೆ.

ನಾನು ಮಾಲತಿಯ ಮುಖ ನೋಡಿದೆ. ಅವಳು ತೆರೆಯನ್ನು ನುಂಗುವ ಹಾಗೆ ನೋಡುತ್ತಿದ್ದಳು. ತುಟಿ ಅಲುಗುತ್ತಿತ್ತು. ಮುದುಕಿ ಒಂದು ಮಾತು ಆಡಿದಳು, ಮಾಲತಿಯ ಕಣ್ಣಿನಿಂದ ನೀರು ಸುರಿಯಿತು. ಅದೇ ಹೊತ್ತಿಗೆ ಅಮರಮ್ಮ, "ಬರ್ರಿ ಕಳ್ಳರಾ, ಹಾಯಸ್ತೀನಿ ಅನ್ನಾಕತ್ಯಾಳ" ಎಂದಳು, ಎಲ್ಲರೂ ಗೊಳ್ಳೆಂದರು.

"ಮಾಲತಿ, ಇದು ನಿಮ್ಮ ಮಾತನಾ?" ಎಂದು ಕೇಳಿದೆ.

"ಹಾಂ, ನಮ್ಮ ಬಂಗ್ಲಾ" ಎಂದಳು, ಸೆರಗಿನಿಂದ ಕಣ್ಣೊರೆಸಿಕೊಂಡು.

ಭಾನುವಾರ ಮಧ್ಯಾಹ್ನ ವಾರಕ್ಕೊಂದು ಭಾಷೆಯ ಪಿಕ್ಚರ್ ಹಾಕುತ್ತಾರೆಂದು ನಮಗೆ ಯಾರಿಗೆ ಗೊತ್ತಿತ್ತು? ನನ್ನ ಮೈಮೇಲೆ ದೇವರು ಬಂದ ಹಾಗಾಯಿತು. ಎದ್ದು ನಿಂತೆ.

"ಏ ಅಮರಮ್ಮ, ಇದು ಯಾವ ಭಾಷಿ?"

"ಇನ್ಯಾವುದು? ಹಿಂದಿ."

"ಯಾರವ್ವನ ಹಿಂದಿ? ಬಂಗಾಲಿ ಇದು! ಇಕಾ, ಇಲ್ಲೇ ಕುಂತಾಳ ಆ ಭಾಷಿಯಾಕಿ. ಇಷ್ಟ ದಿನ ನಮ್ಮ ತಲಿಮ್ಯಾಲೆ ಮೆಣಸು ಅರದೀಯಲ್ಲ! ಹೇಳ ಮಾಲತಿ, ಖರೇ ಕಥಿ ಏನೈತಿ ಹೇಳು ಇವರಿಗೆ."

ಎಲ್ಲರೂ ಮಾಲತಿಯ ಕಡೆ ತಿರುಗಿದರು. ಅವಳು ಮಾತು ಹುಡುಕಿ ಹುಡುಕಿ ಹೇಳಿದಳು: "ಮುದುಕಿ... ಅಕ್ಕಿ ಇಲ್ಲ. ಆಕಳ ಮಾರ್ತಾಳ. ಅಳ್ತಾಳ. ಅಷ್ಟೇ."

"ಅಷ್ಟನಾ?" ದುರುಗಮ್ಮ ಕೇಳಿದಳು.

"ಅಷ್ಟೇ."

"ಒಂದು ಆಕಳ ಮಾರಾಕ ಇಷ್ಟೊತ್ತು ಬೇಕೇನ ತಾಯಿ? ನಮ್ಮ ಮನ್ಯಾಗ ಎರಡು ಮಾರೀವಿ, ಯಾರೂ ಪಿಚ್ಚರ್ ತಗೀಲಿಲ್ಲ." ಎಲ್ಲರೂ ನಕ್ಕರು. ದುರುಗಮ್ಮ ಅಮರಮ್ಮನ ಕಡೆ ತಿರುಗಿದಳು. "ನಿಂದ ಹೇಳಬೇ. ಮೈದುನರಿಗೆ ಬಂಗಾರ ಸಿಕ್ತೋ ಇಲ್ಲೋ?"

"ದುರುಗಮ್ಮ! ಅಮರಮ್ಮ ಸುಳ್ಳು ಹೇಳಾಕತ್ಯಾಳ!" ಎಂದು ನಾನು ಚೀರಿದೆ.

"ಗೊತ್ತೈತಿ ಬಿಡಬೇ ಯಕ್ಕಾ. ಮುಂದ ಅಡ್ಡ ನಿಂತೀಯಲ್ಲ, ಕುಂದರು, ಕಾಣವಲ್ದು."

ಅಮರಮ್ಮನ ಮುಖದಲ್ಲಿ ನಾಚಿಕೆ ಎಂಬುದು ಎಳ್ಳಷ್ಟೂ ಇರಲಿಲ್ಲ. ಎಲೆಗೆ ಸುಣ್ಣ ಹಚ್ಚಿ ಮಡಚಿ ಮಾಲತಿಗೆ ಕೊಟ್ಟು, "ಬಾ ದೀದಿ, ಮುಂದಕ್ಕ ಬಾ" ಎಂದು ಜಾಗ ಮಾಡಿದಳು. ಮಾಲತಿ ಹೋಗಿ ಕುಳಿತಳು. ಎಲೆ ಜಗಿಯುತ್ತ, ಕಣ್ಣು ಇನ್ನೂ ಕೆಂಪಗೆ ಇರುವಾಗಲೇ, ಅಮರಮ್ಮನ ಮೊಣಕಾಲು ಮುಟ್ಟಿ ಕೇಳಿದಳು: "ಬಂಗಾರ... ಎಲ್ಲಿ ಐತಿ?"

ನಾನು ಕುಳಿತುಕೊಳ್ಳದೆ ಮನೆಗೆ ಬಂದೆ. ದಾರಿಯುದ್ದಕ್ಕೂ ಮೈ ಉರಿಯುತ್ತಿತ್ತು. ಅವಳಿಗೆ ಹಿಂದಿ ಬರುತ್ತದೆ ಎಂದು ಹೊಟ್ಟೆಕಿಚ್ಚು ಪಟ್ಟಿದ್ದು ಹೋಯಿತು. ಹಿಂದಿ ಬಾರದೆಯೇ ಇಷ್ಟು ಮಾಡಿದಳಲ್ಲ ಎಂಬ ಹೊಟ್ಟೆಕಿಚ್ಚು ಅದರ ಜಾಗಕ್ಕೆ ಬಂದು ಕುಳಿತಿತು. ಇದು ಮೊದಲಿನದಕ್ಕಿಂತ ದೊಡ್ಡದು. ಭಾಷೆಯಾದರೆ ನಾನೂ ಕಲಿಯಬಹುದಿತ್ತು.

ಸುಳ್ಳು ಹೇಳಿಯೂ ನೋಡಿದೆ. ಒಂದು ದಿನ ಗದ್ದೆಯಲ್ಲಿ ನಾಯಕಿಯ ತಂಗಿಯನ್ನು ಬಾವಿಗೆ ಕೆಡವಿದೆ. ಅವಳು ನೀರು ಮುಟ್ಟುವ ಮುಂಚೆಯೇ ದುರುಗಮ್ಮ ಹೇಳಿದಳು: "ಯಕ್ಕಾ, ನಿನಗ ಬರಂಗಿಲ್ಲ ಬಿಡು. ನಿನ್ನ ಮೂಗು ಬೆವರಾಕತ್ತೈತಿ."

ತೊಂಬತ್ತರ ದಶಕದಲ್ಲಿ ಊರಿಗೆ ಇನ್ನೆರಡು ಗಿರಣಿ ಬಂದವು, ಅಮರಮ್ಮನ ಗಂಡ ತನ್ನದನ್ನು ಎತ್ತಿಕೊಂಡು ಲಿಂಗಸುಗೂರಿಗೆ ವಾಪಸಾದ. ಬಸ್ಸಿನ ಹತ್ತಿರ ಹೆಂಗಸರು ಅಳುತ್ತಿದ್ದರು. ನಾನು ಅವಳು ಹೋಗುವುದನ್ನು ಕಣ್ಣಾರೆ ನೋಡಲು ಹೋಗಿದ್ದೆ. ಬಸ್ಸು ಹತ್ತುವಾಗ ಅವಳು ನನ್ನ ಕೈ ಹಿಡಿದುಕೊಂಡಳು. "ಯಕ್ಕಾ, ನಿನ್ನಂಗ ನೆನಪಿಟ್ಟು ಹೇಳಾಕ ನನಗೆಲ್ಲಿ ಬರ್ತೈತಿ? ಪಿಚ್ಚರ್ ಮುಗಿದ್ರ ನನಗ ಒಂದೂ ನೆನಪಿರತಿದ್ದಿಲ್ಲ." ಅದನ್ನೂ ಸುಳ್ಳೇ ಹೇಳಿದಳೋ ಏನೋ.

ಸಾಲಿನ ನಡುವಿನ ಜಾಗ ಮತ್ತೆ ನನಗೆ ಬರುತ್ತದೆ ಎಂದುಕೊಂಡಿದ್ದೆ. ಬಂತು, ಕೇಳುವವರು ಬರಲಿಲ್ಲ. ಮಸ್ಕಿಯ ನನ್ನ ತಂಗಿಯ ಮನೆಯಲ್ಲಿ, ಸಿಂಧನೂರಿನ ಚಹಾದಂಗಡಿಯಲ್ಲಿ, ದುರುಗಮ್ಮನ ಮನೆಯಲ್ಲಿ, ಎಲ್ಲೆಲ್ಲೂ ಟಿವಿ, ಅದೂ ಕನ್ನಡದಲ್ಲಿ. ತಾನೇ ಮಾತಾಡುವ ಪೆಟ್ಟಿಗೆಗೆ ನಡುವೆ ಒಬ್ಬಳು ಯಾಕೆ ಬೇಕು?

ಇರಲಿ. ಮೊನ್ನೆಯ ಮಾತಿಗೆ ಬರುತ್ತೇನೆ. ರೊಟ್ಟಿ ಬಡಿದು ಸೊಸೆ ಹೊರಗೆ ಬಂದಳು, ಹಿಟ್ಟಿನ ಕೈಯಲ್ಲೇ ನಿಂತು ಟಿವಿ ನೋಡಿದಳು. "ಈ ಟೊಪ್ಪಿಗಿಯಾಂವ ಒಬ್ಬನ ಅಷ್ಟು ದೂರ ಯಾಕ ನಿಂತಾನ್ರಿ ಅತ್ತಿ?" ಎಂದು ಬೇಸರಕ್ಕೆ ಕೇಳಿದಳು.

"ಆಂವ ಮನಿ ಅಳಿಯ" ಎಂದೆ. ಎಲ್ಲಿಂದ ಬಂತೋ ಕಾಣೆ. "ಹತ್ರ ಕರ್ಯಂಗಿಲ್ಲ ಆಂವನ್ನ. ಚೆಂಡು ಬಂದ್ರ ಓಡಿ ಹಿಡೀಬೇಕು, ಮಾತಾಡಂಗಿಲ್ಲ. ಮಾವ ಅಕಾ, ಆ ದಪ್ಪನಾಂವ, ಎಲ್ಲಾರಿಗೂ ಕೈಮಾಡಿ ಜಾಗ ತೋರಸ್ತಾನಲ್ಲ."

ಸೊಸೆ ನನ್ನ ಮುಖ ನೋಡಿದಳು, ಟಿವಿ ನೋಡಿದಳು, ಕುಳಿತಳು. "ಹೆಂಡತಿ?"

"ಹೆಂಡತಿ ತಂದಿ ಕಡೀಗೇ." ಹೇಳುತ್ತ ಹೋದೆ. ಮಜ್ಜಿಗೆ ಕೇಳಲು ಬಂದ ದುರುಗಮ್ಮನ ಸೊಸೆಯೂ ಬಾಗಿಲಲ್ಲಿ ಕುಳಿತಳು. ಅಳಿಯ ಒಂದು ಚೆಂಡು ಕೈಬಿಟ್ಟ, ಇಬ್ಬರೂ "ಅಯ್ಯ!" ಎಂದು ಎದೆ ಹಿಡಿದುಕೊಂಡರು. ನಾನು ಮೂಗು ಮುಟ್ಟಿ ನೋಡಿಕೊಳ್ಳಲಿಲ್ಲ.

ಅಷ್ಟರಲ್ಲಿ ರಿಪೇರಿಯವನು ಚೀಲ ಹೆಗಲಿಗೆ ಹಾಕಿಕೊಂಡು ಬಂದ. ಸೊಸೆ ತಿರುಗಿಯೂ ನೋಡದೆ, "ಸ್ವಲ್ಪ ಕಟ್ಟಿಮ್ಯಾಲೆ ಕುಂದರ್ರಿ ಅಣ್ಣ, ಮಾವ ಏನಂತಾನ ಕೇಳ್ತೀವಿ" ಎಂದಳು.

"ಎಲ್ಲಿ ಕಲತ್ರಿ ಅತ್ತಿ ಇದನ್ನ?" ಎಂದು ಆಮೇಲೆ ಕೇಳಿದಳು.

"ಎಲ್ಲಿ ಕಲೀಬೇಕು? ನನಗ ತಲಿ ಇಲ್ಲೇನು?" ಎಂದೆ. ಅಮರಮ್ಮನ ಹೆಸರು ಎತ್ತಲಿಲ್ಲ. ಎತ್ತುವುದೂ ಇಲ್ಲ. ಅವಳು ಲಿಂಗಸುಗೂರಿನಲ್ಲಿ ಇದ್ದಾಳೋ ಹೋದಳೋ ಗೊತ್ತಿಲ್ಲ. ಆ ಹೊತ್ತಿನಲ್ಲಿ ಬಾಗಿಲಲ್ಲಿ ಬಂದು ನಿಂತು ನನ್ನ ಸುತ್ತ ಕುಳಿತವರನ್ನು ಅವಳು ನೋಡಬೇಕಿತ್ತು ಎನಿಸಿತು. ಆದರೆ ನೋಡಿದ್ದರೆ ಎರಡು ಮಾತಿಗೇ ತನ್ನ ವಿದ್ಯೆಯ ಗುರುತು ಹಿಡಿದು, ಒಳಗೆ ಬಂದು, ಗೋಡೆಗೆ ಒರಗಿ, ಮುಂದಿನದನ್ನು ತಾನೇ ಹೇಳಿಬಿಡುತ್ತಿದ್ದಳು. ಬರದಿದ್ದದ್ದೇ ಒಳ್ಳೆಯದಾಯಿತು.